ಕಪ್ಪು ಬಳಿದ ನಕ್ಷತ್ರ

"ಕುರ್ಚಿ ಬಿಡಬ್ಯಾಡ್ರಿ ಮೋನಪ್ಪ. ಬಿದ್ದರ ನನ್ನ ಸೊಂಟಕ್ಕ ನೀವ ಜವಾಬ್ದಾರಿ," ಎಂದು ಡಾಕ್ಟರ್ ಶಿವಬಸಮ್ಮ ಗೋಡೆಯ ಮೇಲಿನ ಚಿತ್ರಕ್ಕೆ ಮೂಗು ತಾಗುವಷ್ಟು ಬಾಗಿದರು.

ಮೋನಪ್ಪ ಎರಡೂ ಕೈಗಳಿಂದ ಕುರ್ಚಿಯ ಬೆನ್ನನ್ನು ಅವುಚಿ ಹಿಡಿದಿದ್ದರು. "ಎಂಥ ಡಾಕ್ಟ್ರೇ, ಪರರ ಮನೆಯಲ್ಲಿ ಕುರ್ಚಿ ಹತ್ತುದು? ಕೈ ತೊಳೆದು ಬರ್ತೇವೆ ಅಂತ ಹೇಳಿ ಮೇಲೆ ಬಂದದ್ದು ನಾವು. ಕೆಳಗೆ ಊಟಕ್ಕೆ ಕಾಯ್ತಾ ಇದ್ದಾರೆ."

"ಕಾಯಲಿ. ಆ ಮ್ಯಾಲಿನ ಮೂಲಿ ನೋಡ್ರಿ. ಏನ ಕಾಣತೈತಿ?"

ಚಿತ್ರ ಬಾಗಿಲಿನಷ್ಟು ದೊಡ್ಡದಿತ್ತು. ಓರೆಯಾಗಿ ಮಲಗಿದ ಒಂದು ಗ್ಯಾಲಕ್ಸಿ. ನಡುವೆ ನೀಲಿ ಬೆರೆತ ಬಿಳಿ ತಟ್ಟೆ, ಹೊರಗೆಲ್ಲ ಕೆಂಪು ಚುಕ್ಕಿಗಳು. ಮೇಲಿನ ಮೂಲೆಯಲ್ಲಿ ಒಂದೇ ಒಂದು ಹಳದಿ ಚುಕ್ಕಿ ಮಿಕ್ಕವುಗಳಿಗಿಂತ ದಪ್ಪವಾಗಿ ಹೊಳೆಯುತ್ತಿತ್ತು.

"ಹಳದಿ ನಕ್ಷತ್ರ."

"ಬೆಳಿಗ್ಗೆ ಕಾರಿಗೆ ಪೆಟ್ರೋಲ್ ಹಾಕಿಸಲಿಕ್ಕೆ ನಿಂತಾಗ ಸ್ಮಿತಾ ಲ್ಯಾಪ್‌ಟಾಪಿನ್ಯಾಗ ಇದ ಚಿತ್ರ ತೋರಿಸಿದಳಲ್ಲ. ಅಲ್ಲಿ ಈ ಜಾಗಾದಾಗ ಏನಿತ್ತು?"

ಮೋನಪ್ಪ ಕಣ್ಣು ಮುಚ್ಚಿ ನೆನಪಿಸಿಕೊಂಡರು. "ಕಪ್ಪು. ಯಾರೋ ಮಸಿ ಬಳಿದ ಹಾಗೆ."

ಬಾಗಿಲಲ್ಲಿ ನಗು ಕೇಳಿಸಿತು. ಮನೆಯೊಡತಿ ಶ್ರೀಲತಾ ಟವೆಲ್ ಹಿಡಿದು ನಿಂತಿದ್ದಳು. "ಆಂಟಿ, ನನ್ನ ಸವತೀನ ನೋಡ್ತಿದೀರಾ? ನಮ್ಮನೆಯವರು ಸ್ಟೂಡೆಂಟ್ ಆಗಿದ್ದಾಗ ಜೀವನದಲ್ಲಿ ಮೊದಲು ಅಳತೆ ಮಾಡಿದ್ದು ಆ ಹಳದಿ ಸ್ಟಾರನ್ನೇ ಅಂತೆ. ಅದು ಕಾಣ್ಲಿ ಅಂತಾನೇ ಯುಗಾದಿ ಟೈಮಲ್ಲಿ ಈ ಪೋಸ್ಟರ್ ಪ್ರಿಂಟ್ ಮಾಡಿಸಿದ್ರು. ನನ್ನ ಫೋಟೋ ಒಂದೂ ಇಷ್ಟು ದೊಡ್ಡದಿಲ್ಲ."

"ಗಂಡಸರು ಹಂಗ ಇರತಾರವಾ," ಎಂದು ಶಿವಬಸಮ್ಮ ಮೋನಪ್ಪನವರ ಭುಜ ಹಿಡಿದು ಕೆಳಗಿಳಿದರು. ಅವರ ಕಣ್ಣಿನ ಹೊಳಪು ಮೋನಪ್ಪನವರಿಗೆ ಗುರುತಿತ್ತು. ಅಟ್ಲಾಂಟಾ ಬಳಿಯ ಡುಲುತ್‌ನ ಕನ್ನಡ ಸಂಘದ ಕಾಣೆಯಾದ ಹಾರ್ಮೋನಿಯಂ ಸಿಕ್ಕ ದಿನವೂ ಹೀಗೇ ಹೊಳೆದಿತ್ತು.

ಅಮೆರಿಕದ ಡರ್ಹಮ್‌ನಲ್ಲಿ ಇಬ್ಬರೂ ಒಂದೇ ಬೀದಿಯವರು. ಶಿವಬಸಮ್ಮ ಹೊಸ ಔಷಧಿಗಳನ್ನು ರೋಗಿಗಳ ಮೇಲೆ ಪರೀಕ್ಷಿಸುವ ಕೆಲಸದಲ್ಲಿ ತಲೆ ಬೆಳ್ಳಗಾಗಿಸಿಕೊಂಡವರು. ಕಣ್ಣಿನ ಆಪರೇಷನ್ ಆದ ಮೇಲೆ ಅವರು ಕಾರು ಬಿಟ್ಟರು. ಪುತ್ತೂರಿನ ಮೋನಪ್ಪ, ನಿವೃತ್ತ ಫಾರ್ಮಸಿಸ್ಟ್, ಸ್ಟಿಯರಿಂಗ್ ಹಿಡಿದರು. ಅಂದಿನಿಂದ ಯಾರ ಮನೆಯಲ್ಲಿ ಏನು ಕಳೆದರೂ ಇಬ್ಬರಿಗೂ ಕರೆ ಬರುತ್ತಿತ್ತು.

ಆ ಶನಿವಾರ ಬೆಳಿಗ್ಗೆ ಬಂದವಳು ಸ್ಮಿತಾ, ಗ್ಯಾಲಕ್ಸಿಗಳ ದೂರ ಅಳೆಯುವ ತಂಡವೊಂದರ ಕಿರಿಯ ಸಂಶೋಧಕಿ. ಕಳೆದದ್ದು ಅವಳ ಹೆಸರು.

"ಆಂಟಿ, ಸೋಮವಾರ ಯೂನಿವರ್ಸಿಟಿಗೆ ರಿಪೋರ್ಟ್ ಹೋಗತ್ತೆ, ನಾನು ಚೀಟ್ ಮಾಡಿದೆ ಅಂತ. ಆಮೇಲೆ ನನಗೆ ಯಾರೂ ಕೆಲಸ ಕೊಡಲ್ಲ," ಎಂದಿದ್ದಳು. ಅವಳು ಅಳಲಿಲ್ಲ. ಅತ್ತು ಮುಗಿಸಿಯೇ ಬಂದಿದ್ದಳು.

ತಂಡದ ಮುಖ್ಯಸ್ಥನ ಮನೆಯಿರುವ ರೆಸ್ಟನ್ ತಲುಪುವವರೆಗೂ ಕಾರಿನಲ್ಲಿ ಅವಳು ವಿಷಯವನ್ನು ಬಿಡಿಸಿ ಹೇಳಿದಳು. ಮುದಿ ನಕ್ಷತ್ರಗಳು ಉಬ್ಬಿ ಕೆಂಪಾಗುತ್ತವೆ. ಅವುಗಳ ಬೆಳಕು ಏರುತ್ತ ಏರುತ್ತ ಒಂದು ಮಟ್ಟ ಮುಟ್ಟಿದಾಗ ಒಡಲಿನ ಹೀಲಿಯಂ ಹೊತ್ತಿಕೊಂಡು ನಕ್ಷತ್ರ ಕುಗ್ಗಿಬಿಡುತ್ತದೆ. ಆ ಮೇಲ್ಮಟ್ಟ ಯಾವ ಗ್ಯಾಲಕ್ಸಿಯಲ್ಲೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಅದು ನಮಗೆ ಎಷ್ಟು ಮಬ್ಬಾಗಿ ಕಾಣುತ್ತದೆ ಎಂದು ಅಳೆದರೆ ಗ್ಯಾಲಕ್ಸಿಯ ದೂರ ಸಿಗುತ್ತದೆ. ಒಂದೇ ಷರತ್ತು: ಬರೀ ಮುದಿಯರು ಇರುವ ಹೊರವಲಯದಲ್ಲೇ ಎಣಿಸಬೇಕು. ಒಳಗಿನ ತಟ್ಟೆಗೆ ಹೋದರೆ ಕಿರಿಯ ನಕ್ಷತ್ರಗಳು ಬೆರೆತು ಮಟ್ಟ ಸುಳ್ಳಾಗಿ ಮೇಲೇರುತ್ತದೆ. ಗ್ಯಾಲಕ್ಸಿ ಇರುವುದಕ್ಕಿಂತ ಹತ್ತಿರ ಅನಿಸುತ್ತದೆ.

"ಮತ್ತ ಯಾರರ ತಮಗ ಬೇಕಾದ ಉತ್ತರ ಬರೂಹಂಗ ಎಣಿಸಿದರ?" ಎಂದು ಶಿವಬಸಮ್ಮ ಕೇಳಿದ್ದರು.

"ಹಾಗೆ ಮಾಡಬಾರ್ದು ಅಂತಾನೇ ಎಲ್ಲ ಸ್ಟಾರ್‌ಗಳ ಪ್ರಕಾಶಕ್ಕೂ ಒಂದೇ ಗುಟ್ಟಿನ ನಂಬರ್ ಕೂಡಿಸಿ ಇಡ್ತೀವಿ ಆಂಟಿ. ಎಲ್ಲಿಂದ ಎಣಿಸೋದು ಅನ್ನೋ ಗಡಿ ಫಿಕ್ಸ್ ಆದ್ಮೇಲೇ ಅದನ್ನ ಕಳೆಯೋದು. ನಂಬರ್ ಗೊತ್ತಿದ್ದದ್ದು ನಮ್ಮ ಟೀಮಿನ, ಅಟ್ಲಾಂಟಾದ ಸೌರಭ್‌ಗೆ ಮಾತ್ರ."

ಆದರೆ ಫಿಕ್ಸ್ ಆದ ಗಡಿಯನ್ನು ಯಾರೋ ಸದ್ದಿಲ್ಲದೆ ಒಳಕ್ಕೆ ಸರಿಸಿದ್ದರು. ಗುಟ್ಟು ಬಿಚ್ಚಿದಾಗ ಬಂದ ಉತ್ತರ, ತಂಡದ ಮುಖ್ಯಸ್ಥ ಶಶಿಕಾಂತ್ ಬಹಳ ಹಿಂದೆಯೇ ಪ್ರಕಟಿಸಿ ಹೆಸರು ಮಾಡಿದ್ದ ದೂರದ ಪಕ್ಕದಲ್ಲೇ ಬಂದು ಕೂತಿತು. ಗುಟ್ಟಿನ ಸಂಖ್ಯೆ ಗೊತ್ತಿಲ್ಲದವರಿಗೆ ಅಷ್ಟು ಹತ್ತಿರ ಗುರಿಯಿಡಲು ಸಾಧ್ಯವಿರಲಿಲ್ಲ. ಗಡಿ ಬದಲಿಸಿದ್ದು ತಂಡದವರೆಲ್ಲರೂ ಬಳಸುವ ಒಂದೇ ಕಂಪ್ಯೂಟರ್ ಖಾತೆಯಿಂದ. ಸೌರಭ್‌ನ ಲ್ಯಾಪ್‌ಟಾಪ್ ವಸಂತದಲ್ಲಿ ಒಂದು ರಾತ್ರಿ ಸ್ಮಿತಾಳ ಕಾರಿನಲ್ಲಿ ಉಳಿದಿತ್ತು. ಅನುಮಾನ ಅವಳ ಮೇಲೆ ಬೀಳಲು ಅಷ್ಟೇ ಸಾಕಾಯಿತು.

ಊಟ ನೆಲಮಾಳಿಗೆಯಲ್ಲಿ. ಶ್ರೀಲತಾಳ ಗಂಡ ಶಶಿಕಾಂತ್ ಎಲ್ಲರಿಗೂ ತಾನೇ ಬಡಿಸಿದ. ಮೃದು ಮಾತಿನವನು, ಬಿಳಿ ಗಡ್ಡವನ್ನು ಚೆನ್ನಾಗಿ ಕತ್ತರಿಸಿಕೊಂಡವನು. "ಡಾಕ್ಟ್ರೇ, ನೀವು ಬಂದಿದ್ದು ಒಳ್ಳೇದೇ ಆಯ್ತು. ಸ್ಮಿತಾಗೆ ಹಿರಿಯರು ಯಾರಾದ್ರೂ ಹೇಳ್ಬೇಕಿತ್ತು. ಅವಳಾಗೇ ರಿಸೈನ್ ಮಾಡಿದ್ರೆ ನಾನು ರಿಪೋರ್ಟ್ ಸಾಫ್ಟ್ ಮಾಡ್ತೀನಿ."

"ಹೇಳೂಣಂತ. ಮೊದಲ ನನ್ನ ಒಂದು ಕತಿ ಕೇಳ್ರಿ," ಎಂದು ಶಿವಬಸಮ್ಮ ತಟ್ಟೆ ಸರಿಸಿದರು. "ನಾವು ಔಷಧ ಪರೀಕ್ಷಾ ಮಾಡೂವಾಗ ಅರ್ಧ ಮಂದಿಗೆ ಖರೇ ಗುಳಿಗಿ, ಅರ್ಧ ಮಂದಿಗೆ ಬರೇ ಸಕ್ಕರಿ. ಯಾರಿಗೆ ಯಾವುದಂತ ಡಾಕ್ಟರಿಗೂ ಗೊತ್ತಿರಬಾರದು. ಒಮ್ಮೆ ಆ ಗುಟ್ಟು ಒಡದುಹೋತು. ಕಪಾಟಿನ ಬೀಗ ಹಂಗ ಇತ್ತು. ಹ್ಯಾಂಗ ಒಡೀತು ಹೇಳ್ರಿ ಮೋನಪ್ಪ?"

"ಊಟದ ಹೊತ್ತಿಗೆ ಬೇಡ ಡಾಕ್ಟ್ರೇ."

"ಖರೇ ಗುಳಿಗಿ ತಿಂದವರ ಮೂತ್ರ ಕೇಸರಿ ಬಣ್ಣ ಆಗತಿತ್ತು."

ಅಟ್ಲಾಂಟಾದಿಂದ ಬಂದಿದ್ದ ಸೌರಭ್ ಬಾಯಿಗೆ ತಂದ ತುತ್ತನ್ನು ಕೆಳಗಿಟ್ಟ. ಡುಲುತ್‌ನಲ್ಲೇ ಹುಟ್ಟಿ ಬೆಳೆದ ಹುಡುಗ. "ಓಕೆ. ದಟ್ಸ್ ಗ್ರೋಸ್, ಆಂಟಿ."

"ಹೊಲಸೋ ಏನೋ, ಪಾಠ ಅಂತೂ ಕಲಿಸ್ತು. ಗುಟ್ಟು ತಿಳೀಲಿಕ್ಕೆ ಬೀಗಾನ ಒಡೀಬೇಕಂತಿಲ್ಲ. ಎಲ್ಲಾರೂ ಲ್ಯಾಪ್‌ಟಾಪ್ ಲ್ಯಾಪ್‌ಟಾಪ್ ಅಂತೀರಿ. ಸೌರಭ್, ನೀ ಆ ನಂಬರ್ ಯಾವ ಯಾವ ನಕ್ಷತ್ರಕ್ಕ ಕೂಡಿಸಿದಿ?"

"ಎಲ್ಲಾ ಸ್ಟಾರ್ಸ್‌ಗೂ. ಇಡೀ ಪಿಕ್ಚರ್‌ಗೆ."

"ನಮ್ಮ ಹತ್ತಿರದ, ಆ ಗ್ಯಾಲಕ್ಸಿಗೆ ಸಂಬಂಧ ಇಲ್ಲದ ಆ ಹಳದಿ ನಕ್ಷತ್ರಕ್ಕೂ?"

"ಯಾ, ಬಟ್ ಅದನ್ನ ಬ್ಲ್ಯಾಕ್ ಮಾಡಿ ಆಮೇಲೆ ಕೊಡ್ತೀನಿ. ಸ್ಮಿತಾಗೆ ಕೊಟ್ಟಿದ್ದು ಹಾಗೇ."

"ಬ್ಲ್ಯಾಕ್ ಮಾಡದ ಪೂರಾ ಚಿತ್ರ, ಪೂರಾ ಅಂಕಿ ಮತ್ತ ಯಾರಿಗೆ ಕೊಟ್ಟಿದ್ದಿ?"

ಸೌರಭ್ ಶಶಿಕಾಂತ್‌ನತ್ತ ನೋಡಿದ. "ಸರ್‌ಗೆ. ಪೋಸ್ಟರ್‌ಗೆ ಬೇಕು ಅಂದ್ರು."

"ಹೌದು, ಪೋಸ್ಟರ್‌ಗೇ," ಎಂದ ಶಶಿಕಾಂತ್. "ಆ ಯೆಲ್ಲೋ ಸ್ಟಾರ್ ನನ್ನ ಮೊದಲ ಕೆಲಸ. ಅದರಲ್ಲಿ ಮುಚ್ಚುಮರೆ ಏನಿದೆ?"

"ಏನೂ ಇಲ್ಲ. ಅಭಿಮಾನದ ಮಾತು. ಅದರ ಪ್ರಕಾಶ ಇನ್ನೂ ನೆನಪೈತೇನು?"

"ಮಗಳ ಹುಟ್ಟಿದಹಬ್ಬ ಮರೀಬಹುದು, ಅದನ್ನ ಮರೆಯಲ್ಲ. ಹದಿನೆಂಟು ಪಾಯಿಂಟ್ ಎರಡು ಒಂದು."

ಶ್ರೀಲತಾ "ಕೇಳಿದ್ರಾ?" ಎಂಬಂತೆ ಮೋನಪ್ಪನವರ ಮುಖ ನೋಡಿದಳು. ಶಿವಬಸಮ್ಮ ಮಾತ್ರ ನಗಲಿಲ್ಲ.

"ಸೌರಭ್, ಫೋನಿನ್ಯಾಗ ನಕ್ಷತ್ರಗಳ ಹೊಸಾ ಕ್ಯಾಟಲಾಗ್ ನೋಡು. ಅದೇ ನಕ್ಷತ್ರ."

ಹುಡುಗ ಬೆರಳಾಡಿಸಿದ. "ಹದಿನೆಂಟು ಪಾಯಿಂಟ್ ಎರಡು ಐದು. ಸೋ ಹಳೇದು ಸ್ವಲ್ಪ ತಪ್ಪು. ಪಾಯಿಂಟ್ ಸೊನ್ನೆ ನಾಲ್ಕು ಆಫ್. ನಂಬರ್ ಜಾಸ್ತಿ ಅಂದ್ರೆ ಮಬ್ಬು ಜಾಸ್ತಿ."

"ಸ್ಮಿತಾ, ನಿಮ್ಮ ಉತ್ತರ ಸರ್ ಅವರ ಹಳೇ ಉತ್ತರದ ಪಕ್ಕ ಬಂದು ಕೂತೈತಿ ಅಂದಿ. ಎಷ್ಟು ಪಕ್ಕ?"

ಸ್ಮಿತಾ ಎದ್ದು ನಿಂತಿದ್ದಳು. ಅವಳ ದನಿ ನಿಧಾನವಾಗಿ ಬಂತು. "ಪಾಯಿಂಟ್ ಸೊನ್ನೆ ನಾಲ್ಕು ಆಂಟಿ. ಸರ್ ಉತ್ತರಕ್ಕಿಂತ ನಮ್ಮದು ಅಷ್ಟೇ ಮಬ್ಬು."

ಮೋನಪ್ಪನವರಿಗೆ ಆಗ ತಲೆಯೊಳಗೆ ಏನೋ ಸರಿಯಾಗಿ ಕೂತಂತಾಯಿತು. "ಒಂದು ನಿಮಿಷ ಡಾಕ್ಟ್ರೇ. ಚಿತ್ರದಲ್ಲಿ ಆ ನಕ್ಷತ್ರಕ್ಕೂ ಗುಟ್ಟಿನ ನಂಬರ್ ಸೇರಿದೆ. ಅದರ ನಿಜವಾದ ಪ್ರಕಾಶ ಗೊತ್ತಿದ್ದವನು ಒಂದರಿಂದ ಒಂದು ಕಳೆದರೆ ಗುಟ್ಟು ಕೈಗೆ ಬಂತು. ಹೌದಾ?"

"ಹೌದು. ಕೇಸರಿ ಬಣ್ಣ," ಎಂದರು ಶಿವಬಸಮ್ಮ. "ಈಗ ಒಂದೊಂದ ಹೆಸರು ತಗೋರಿ. ಸೌರಭ್‌ಗೆ ಗುಟ್ಟು ಖುದ್ದ ಗೊತ್ತಿತ್ತು. ಅವ ಗಡಿ ಸರಿಸಿದ್ದರ ಗುರಿ ತಪ್ಪತಿರಲಿಲ್ಲ. ಸ್ಮಿತಾ ಲ್ಯಾಪ್‌ಟಾಪ್ ತಗದು ನೋಡಿದ್ದರ ಅಕಿಗೂ ಖರೇ ನಂಬರ್ರ ಸಿಗತಿತ್ತು. ಅಕಿ ಗುರಿನೂ ತಪ್ಪತಿರಲಿಲ್ಲ. ಬ್ಯಾರೆ ಯಾರರ ಆ ಹಳದಿ ನಕ್ಷತ್ರದಿಂದ ಲೆಕ್ಕಾ ಮಾಡಿದ್ದರ ಹೊಸಾ ಕ್ಯಾಟಲಾಗ್ ನೋಡತಿದ್ದರು, ಅವರ ಲೆಕ್ಕಾನೂ ಸರಿ ಬರತಿತ್ತು. ಇಲ್ಲಿ ಗುರಿ ತಪ್ಪೈತಿ. ಎಷ್ಟು ತಪ್ಪೈತಿ ಅಂದ್ರ, ಹರೇದಾಗ ಒಬ್ಬರು ಮಾಡಿದ ಅಳತಿ ಎಷ್ಟು ತಪ್ಪಿತ್ತೋ ಅಷ್ಟ. ಆ ಅಳತೀನ ಇವತ್ತಿಗೂ ನಂಬೂ ಮನುಷ್ಯಾ ಈ ಜಗತ್ತಿನ್ಯಾಗ ಒಬ್ಬರ ಇದ್ದಾರ."

ಶ್ರೀಲತಾ ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಇಳಿಸಿದಳು.

"ರೀ," ಎಂದಳು ಅವಳು. "ಇಲ್ಲ ಅನ್ನಿ."

ಶಶಿಕಾಂತ್ ಇಲ್ಲ ಅನ್ನಲಿಲ್ಲ. ಗಡ್ಡ ಸವರಿಕೊಂಡ. "ಮೊದಲ ಗಡಿಯಿಂದ ಬರೋ ಉತ್ತರ ತಪ್ಪು ಅನ್ನಿಸ್ತು. ನನ್ನ ಜೀವಮಾನದ ಕೆಲಸಾನೇ ತಪ್ಪು ಅಂತ ಹೇಳ್ತಿತ್ತು ಅದು. ಸ್ವಲ್ಪ ಒಳಗೆ ಸರಿಸಿದೆ, ಅಷ್ಟೇ. ಅನುಮಾನ ಸ್ಮಿತಾ ಮೇಲೆ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ."

"ಬಂದ ಮೇಲೆ?" ಎಂದು ಮೋನಪ್ಪ ಕೇಳಿದರು. ತಮ್ಮ ದನಿ ಇಷ್ಟು ಗಡುಸಾದದ್ದು ಅವರಿಗೇ ಆಶ್ಚರ್ಯ. "ಬಂದ ಮೇಲೆ ಎಂಥ ಮಾಡಿದ್ರಿ ನೀವು? ಅನ್ನ ಬಡಿಸಿ ರಿಸೈನ್ ಮಾಡು ಅಂದ್ರಿ."

ಶಶಿಕಾಂತ್ ಕುರ್ಚಿಯನ್ನು ಸ್ಮಿತಾಳತ್ತ ತಿರುಗಿಸಿದ. ದನಿ ಮತ್ತೆ ಮೃದುವಾಗಿತ್ತು. ತರಗತಿಯಲ್ಲಿ ಕಷ್ಟದ ಲೆಕ್ಕ ಬಿಡಿಸಿ ಹೇಳುವವನಂತೆ ಮಾತಾಡಿದ.

"ಸ್ಮಿತಾ, ಪ್ರಾಕ್ಟಿಕಲ್ ಆಗಿ ಯೋಚನೆ ಮಾಡು. ಇದು ಹೊರಗೆ ಹೋದ್ರೆ ಇಡೀ ಟೀಮ್ ಮುಳುಗತ್ತೆ, ನೀನೂ ಸೇರಿ. ಸಾಫ್ಟ್‌ವೇರ್ ಮಿಸ್ಟೇಕ್ ಅಂತ ಬರೆದುಬಿಡೋಣ. ಗಡಿ ವಾಪಸ್ ಮೊದಲಿದ್ದಲ್ಲಿಗೆ. ಪೇಪರ್‌ನಲ್ಲಿ ಮೊದಲ ಹೆಸರು ನಿಂದು. ಇನ್ನೆರಡು ವರ್ಷ ಕೆಲಸ ನಾನು ಎಕ್ಸ್‌ಟೆಂಡ್ ಮಾಡ್ತೀನಿ, ಆಮೇಲೆ ಯಾವ ಯೂನಿವರ್ಸಿಟಿಗೆ ಬೇಕಾದ್ರೂ ನಾನೇ ಫೋನ್ ಮಾಡ್ತೀನಿ. ನಿನ್ನ ಮೇಲೆ ಒಂದು ಮಾತೂ ಇರಲ್ಲ."

ಮೋನಪ್ಪ ಹುಡುಗಿಯ ಮುಖ ನೋಡಿದರು. ಬೆಳಿಗ್ಗೆ ಕಾರಿನಲ್ಲಿ ಅವಳು ಕೇಳಿದ್ದೂ ಹೆಚ್ಚುಕಡಿಮೆ ಇಷ್ಟೇ: ಕೆಲಸ ಉಳಿಯಬೇಕು, ಹೆಸರು ಉಳಿಯಬೇಕು. ಎರಡೂ ಈಗ ಮೇಜಿನ ಮೇಲಿದ್ದವು. ಶಿವಬಸಮ್ಮ ಇದು ತಮ್ಮ ಪಾಲಿನದಲ್ಲ ಎಂಬಂತೆ ಕೈಕಟ್ಟಿ ಕೂತಿದ್ದರು.

ಸ್ಮಿತಾ ತನ್ನ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

"ಬೇಡ ಸರ್," ಎಂದಳು. "ಸೋಮವಾರ ರಿಪೋರ್ಟ್ ಹೋಗತ್ತೆ. ನಾನು ಬರೀತೀನಿ."