ಮಾಲತಿ ಪೆನ್ನು

"ಜಾಡಿಸೇ, ಇನ್ನೂ ಜೋರಾಗಿ ಜಾಡಿಸು!" ಅಂದಳು ಪಕ್ಕದಲ್ಲಿ ಕೂತಿದ್ದ ನಾಗಿ.

ಮುದ್ದಕ್ಕ ತನ್ನ ಹೊಸ ಪೆನ್ನನ್ನು ಜೋರಾಗಿ ಜಾಡಿಸಿದಳು. ನೆಲದ ಮೇಲೆ ದಪ್ಪ ನೀಲಿ ತೊಟ್ಟು ಬಿತ್ತು. ಹಾಳೆಗೆ ಊರಿದರೆ ಮಾತ್ರ ಏನೂ ಇಲ್ಲ, ಬರೀ ಗೀರು.

ಓಬಯ್ಯ ಮೇಷ್ಟ್ರು ಉಕ್ತಲೇಖನ ಕೊಡುತ್ತಿದ್ದರು. ಆಗಲೇ ಮೂರನೇ ವಾಕ್ಯ. ಎಲ್ಲರ ಪೆನ್ನೂ ಚರಚರ ಓಡುತ್ತಿತ್ತು. ಮುದ್ದಕ್ಕ ನಿಬ್ಬನ್ನು ತಲೆಗೂದಲಿಗೆ ಉಜ್ಜಿದಳು. ಹಾಗೆ ಉಜ್ಜಿದರೆ ಇಂಕು ಇಳಿಯುತ್ತದೆ ಎಂದು ಆ ಕಾಲದ ಮಕ್ಕಳಿಗೆಲ್ಲ ಗೊತ್ತಿತ್ತು. ಇವತ್ತು ಅದೂ ಕೈಕೊಟ್ಟಿತು.

ಈಗಿನವರಿಗೆ ಇದೆಲ್ಲ ನಗು ಬರಿಸಬಹುದು. ಆಗ ಚಿಕ್ಕ ಕ್ಲಾಸುಗಳಲ್ಲಿ ಸ್ಲೇಟು, ಬಳಪ. ಐದನೇ ಕ್ಲಾಸಿಗೆ ಬಂದರೆ ಇಂಕು ಪೆನ್ನು. ಪೆನ್ನು ಬಂತೆಂದರೆ ದೊಡ್ಡವರಾದ ಹಾಗೆ. ನಡುಬೆರಳಿಗೆ ಹತ್ತಿದ ನೀಲಿ ಕಲೆಯನ್ನು ಯಾರೂ ತಿಕ್ಕಿ ತೊಳೆಯುತ್ತಿರಲಿಲ್ಲ. ಪಕ್ಕದವಳ ಇಂಕು ಮುಗಿದರೆ ತಮ್ಮ ಪೆನ್ನಿನಿಂದ ಒಂದೊಂದೇ ತೊಟ್ಟು ಬಿಟ್ಟುಕೊಡುತ್ತಿದ್ದರು. ಚೆಲ್ಲಿದ್ದನ್ನು ಸೀಮೆಸುಣ್ಣದ ತುಂಡು ಕುಡಿದುಬಿಡುತ್ತಿತ್ತು. ಎಷ್ಟು ಚೆಂದದ ದಿನಗಳು ಅವು! ಆದರೆ ಅವತ್ತು ಮುದ್ದಕ್ಕನಿಗೆ ಏನೂ ಚೆಂದ ಕಾಣಲಿಲ್ಲ.

ಮೇಷ್ಟ್ರು ಬಂದು ಅವಳ ಖಾಲಿ ಹಾಳೆ ನೋಡಿದರು. ಪೆನ್ನು ಎತ್ತಿಕೊಂಡು ಕ್ಯಾಪಿನ ಮೇಲಿದ್ದ ಹೆಸರು ಓದಿದರು.

"ಮಾಲತಿ... ಇದ್ಯಾವ ಕಂಪನೀದಮ್ಮ? ನಾನು ಕೇಳೇ ಇಲ್ಲ."

ಕ್ಲಾಸಿಗೆ ಕ್ಲಾಸೇ ನಕ್ಕಿತು.

"ಸಾರ್, ಮಾಲತಿ ಸಿಟ್ಟು ಮಾಡ್ಕಂಡವ್ಳೆ ಸಾರ್!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಸುಮ್ನಿರ್ರೋ," ಎಂದು ಗದರಿದ ಮೇಷ್ಟ್ರು ತಾವೂ ಎರಡು ಗೀಟು ಎಳೆದು ನೋಡಿದರು. ಮೂಡಲಿಲ್ಲ. "ಇದನ್ನ ವಾಪಸ್ ಕೊಡಕ್ಕೆ ಹೇಳು ನಿಮ್ಮಪ್ಪಂಗೆ. ಸೋಮವಾರ ಟೆಸ್ಟು. ಇಂಕಲ್ಲೇ ಬರೀಬೇಕು. ಪೆನ್ಸಿಲಲ್ಲಿ ಬರೆದ್ರೆ ನಾನು ನೋಡಲ್ಲ."

ಬೆಲ್ಲು ಹೊಡೆದ ಮೇಲೆ ನಾಗಿ ತನ್ನ ಹೀರೋ ಪೆನ್ನನ್ನು ಬಿಸಿಲಿಗೆ ಹಿಡಿದು ತೋರಿಸಿದಳು. ಬಂಗಾರದ ಬಣ್ಣದ ಕ್ಯಾಪು ಫಳಫಳ ಹೊಳೆಯಿತು. "ನಂಗೊತ್ತಿತ್ತು ಕಣೇ. ಹೆಸರಿಲ್ದಿರೋ ಪೆನ್ನು ತಗಾಬಾರ್ದು. ಹೆಂಗೂ ವಾಪಸ್ ಕೊಡ್ತೀರಲ್ಲ, ಇಂಥದ್ದೇ ತರ್ಸು."

ಧರ್ಮಪುರದ ಶಾಲೆಯಿಂದ ಹಟ್ಟಿಗೆ ಹೋಗುವ ದಾರಿಯುದ್ದಕ್ಕೂ ಮುದ್ದಕ್ಕನಿಗೆ ಅಳು ಬರುತ್ತಿತ್ತು. ಜೊತೆಗೆ ಒಂದು ಕಳ್ಳ ಆಸೆಯೂ ಬರುತ್ತಿತ್ತು. ಬಂಗಾರದ ಕ್ಯಾಪಿನ ಆಸೆ.

ಅಪ್ಪ ಕಾಟಲಿಂಗಪ್ಪ ಕುರಿಗಳನ್ನು ರೊಪ್ಪಕ್ಕೆ ಕೂಡುತ್ತಿದ್ದ. ಮಗಳ ಮುಖ ನೋಡಿದ್ದೇ ಕೈಯಲ್ಲಿದ್ದ ಮರಿಯನ್ನು ಕೆಳಗೆ ಬಿಟ್ಟ.

"ಯಾಕವ್ವ ಮುದ್ದಿ? ಪೆನ್ನು ಬರೀತಾ?"

"ಇಲ್ಲಪ್ಪ. ಒಂದಕ್ಷರಾನೂ ಬರಿಯಲಿಲ್ಲ. ಎಲ್ಲಾರೂ ನಕ್ಕರು. ವಾಪಸ್ ಕೊಡ್ಬೇಕಂತೆ, ಮೇಷ್ಟ್ರು ಹೇಳಿದ್ರು."

ಅಪ್ಪ ನಂಬಲಾರದವನಂತೆ ನಿಂತ.

"ಹಿರಿಯೂರು ಅಂಗಡಿಯಾಗೆ ಬರೀತಿತ್ತಲ್ಲೇ! ನಾನೇ ಬರೆದು ನೋಡೀನಿ."

"ನಿಂಗೆ ಬರೆಯಾಕೆ ಬರಲ್ಲಲ್ಲಪ್ಪ," ಅಂದಳು ಮುದ್ದಕ್ಕ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು.

ಅಪ್ಪನಿಗೆ ಬೇಜಾರಾಗಲಿಲ್ಲ. ಮಗಳ ಪಕ್ಕ ಕೂತು ಅಂಗಡಿಯ ಸಂಗತಿ ಹೇಳಿದ. ಅಂಗಡಿಯವರು ಗಾಜಿನ ಮೇಲೆ ಪೆನ್ನುಗಳನ್ನು ಸಾಲಾಗಿ ಇಟ್ಟರು. ಒಂದು ಬಿಳಿ ಹಾಳೆ ಕೊಟ್ಟು, "ಬರೆದು ನೋಡ್ರಿ" ಅಂದರು. ಬಂದವರೆಲ್ಲ ಅವರವರ ಹೆಸರು ಬರೆದು ನೋಡುತ್ತಿದ್ದರು. ಅಪ್ಪನಿಗೆ ಬರೆಯಲು ಬರುವುದು ಒಂದೇ. ಅವರ ಮಂದೆಯ ಗುರುತು. ಎರಡು ಗೀಟು, ಪಕ್ಕಕ್ಕೊಂದು ಅರ್ಧಚಂದ್ರ. ಬೇರೆ ಮಂದೆಯ ಜೊತೆ ಬೆರೆತರೂ ತಿಳಿಯಲಿ ಎಂದು ಕುರಿಗಳ ಬೆನ್ನಿಗೆಲ್ಲ ಕೆಮ್ಮಣ್ಣಿನಲ್ಲಿ ಅದನ್ನೇ ಬರೆಯುತ್ತಿದ್ದ. ಅಂಗಡಿಯಲ್ಲೂ ಅದನ್ನೇ ಬರೆದ.

"ಒಂದು ಪೆನ್ನಾಗೆ ಚಂದ್ರ ಮಧ್ಯಕ್ಕೇ ತುಂಡಾತು. ಇನ್ನೊಂದು ಹಾಳೇನೇ ಕೆರೀತು. ಈ ಪೆನ್ನು ನೋಡು, ಆ ತುದಿಯಿಂದ ಈ ತುದಿಗೆ ಒಂದೇ ಸಮ ಹೋತು. ಅದಕ್ಕೇ ಇದೇ ಕೊಡ್ರಿ ಅಂದೆ. ಅಂಗಡಿಯವ್ರು, 'ಹೆಸರಿಲ್ದಿರೋ ಮಾಲು ಗೌಡ್ರೆ, ನೋಡ್ಕಳ್ರಿ' ಅಂದ್ರು. ಅಲ್ಲಿದ್ದೋರೂ ನಕ್ಕರು. ನಾನು ಕೇಳಲಿಲ್ಲ."

ಅಪ್ಪ ತನ್ನ ಕೈಯನ್ನು ನೋಡಿಕೊಂಡ.

"ಇರ್ಲಿ ಬಿಡವ್ವ. ನಂಗೇನು ಗೊತ್ತಾಗ್ತೈತೆ ಪೆನ್ನು? ನಾಳೆ ಮೊದ್ಲನೇ ಬಸ್ಸಿಗೆ ಹೋಗ್ತೀನಿ. ತಪ್ಪಾತು ಅಂತ ಹೇಳಿ ನಿಂಗೆ ಬೇಕಾದ್ದನ್ನೇ ತರ್ತೀನಿ."

ಮುದ್ದಕ್ಕ ಹೂಂ ಅಂದಳು. ಬಂಗಾರದ ಕ್ಯಾಪು ಕಣ್ಣ ಮುಂದೆ ಬಂತು. ಆದರೆ ಅಂದುಕೊಂಡಷ್ಟು ಖುಷಿಯಾಗಲಿಲ್ಲ.

ವಾಪಸ್ ಕೊಡುವ ಪೆನ್ನನ್ನು ಒರೆಸಿಡೋಣ ಎಂದು ಅವಳು ಒಳಗೆ ಹೋದಳು. ಅಜ್ಜಿ ಜುಂಜಮ್ಮ ಬಾಗಿಲ ಬೆಳಕಿಗೆ ಕೂತಿದ್ದಳು. ಕುರಿಯ ಉಣ್ಣೆ ಕತ್ತರಿಸಲು ಅಪ್ಪ ಪೆನ್ನಿನ ಜೊತೆಗೇ ಒಂದು ಹೊಸ ಕತ್ತರಿಯನ್ನೂ ತಂದಿದ್ದ. ಅಜ್ಜಿ ಬಟ್ಟೆಯ ಚೂರನ್ನು ಹರಳೆಣ್ಣೆಯಲ್ಲಿ ಅದ್ದಿ, ಕತ್ತರಿಯ ಅಲಗಿಗೆ ಮೆಲ್ಲಗೆ ಉಜ್ಜುತ್ತಿದ್ದಳು. ಎಳೆ ಮಕ್ಕಳಿಗೆ ಎಣ್ಣೆ ಹಚ್ಚುವಾಗಲೂ ಅವಳ ಕೈ ಹೀಗೇ ಓಡಾಡುತ್ತಿತ್ತು.

"ಯಾಕಜ್ಜಿ ಎಣ್ಣೆ?"

"ಹೊಸಾ ಕಬ್ಬಿಣ ಮೊದ್ಲು ಎಣ್ಣೆ ಕುಡೀಬೇಕು ಕಣವ್ವ. ಕುಡಿದ್ರೆ ಮೆತ್ತಗಾಗ್ತೈತೆ. ಕುರಿಗೆ ನೋವು ಮಾಡಲ್ಲ. ನಮ್ಮತ್ತೆ ಕಾಲದಿಂದ್ಲೂ ಹಿಂಗೇ."

ಮುದ್ದಕ್ಕ ಪೆನ್ನಿನ ಕ್ಯಾಪು ಬಿಚ್ಚಿದಳು. ನಿಬ್ಬು ಬೆರಳಿಗೆ ಜಾರಿತು. ಮೂಗಿನ ಹತ್ತಿರ ತಂದಳು. ಹರಳೆಣ್ಣೆ!

ಅವಳಿಗೆ ಈಗ ಎಲ್ಲ ತಿಳಿಯಿತು. ಪೆನ್ನು ಬಂದ ಸಂಜೆ ಅಜ್ಜಿ, "ಹೊಸಾ ಸಾಮಾನು ದೇವರ ಮುಂದೆ ಇರ್ಲಿ" ಎಂದು ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದಳು. ಬೆಳಿಗ್ಗೆ ಅವಳೇ ತೆಗೆದು ಕೊಟ್ಟಿದ್ದಳು, ಮುಖ ಅರಳಿಸಿಕೊಂಡು. ನಿಬ್ಬಿಗೂ ಅದರ ಕೆಳಗಿನ ಕಪ್ಪು ನಾಲಿಗೆಗೂ ಎಣ್ಣೆ ಕುಡಿಸಿದರೆ ಇಂಕು ಎಲ್ಲಿಂದ ಇಳಿದೀತು?

"ಅಜ್ಜಿ..." ಎಂದು ಬಾಯಿ ತೆರೆದಳು. ಸಿಟ್ಟು ನೆತ್ತಿಗೇರಿತ್ತು.

"ಏನವ್ವ?" ಅಜ್ಜಿ ತಲೆ ಎತ್ತಿದಳು. ಮಂಜಾದ ಕಣ್ಣು, ಎಣ್ಣೆಯಲ್ಲಿ ಮಿನುಗುವ ಕೈ. "ನಿನ್ನ ಪೆನ್ನಿಗೂ ಹಚ್ಚೀನಿ ಕಣೇ. ನಮ್ಮನ್ಯಾಗೆ ಓದಾಕೆ ಹೋದೋಳು ನೀನೊಬ್ಳೇ. ನಿನ್ನ ಕೈ ನೋಯಬಾರ್ದು ನೋಡು."

ಮುದ್ದಕ್ಕ ಸಿಟ್ಟು ನುಂಗಿ ಪೆನ್ನಿಗೆ ಕ್ಯಾಪು ಹಾಕಿದಳು.

ಅವಳು ಪೆನ್ನು ಹಿಡಿದು ಹಿತ್ತಿಲಿಗೆ ಬಂದಳು. ಸುಮ್ಮನಿದ್ದರೆ ನಾಳೆ ಸಂಜೆಗೆ ಹೀರೋ ಪೆನ್ನು ಕೈಯಲ್ಲಿರುತ್ತದೆ. ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಅಪ್ಪ ಆ ಗಾಜಿನ ಮುಂದೆ ನಿಂತು "ತಪ್ಪಾತು" ಅನ್ನುತ್ತಾನೆ. ಅಲ್ಲಿದ್ದವರು ಇನ್ನೊಮ್ಮೆ ನಗುತ್ತಾರೆ. ಅಪ್ಪ ತಪ್ಪೇ ಮಾಡಿಲ್ಲವಲ್ಲ! ಕ್ಲಾಸಿನವರ ನಗು ಅವಳ ಕಿವಿಯಲ್ಲಿ ಇನ್ನೂ ಇತ್ತು. ಅದು ಅಪ್ಪನಿಗೆ ಬೇಡ ಅನ್ನಿಸಿತು.

ಉಣ್ಣೆ ತೊಳೆಯಲು ಅವ್ವ ಅಂಟುವಾಳದ ಕಾಯಿಗಳನ್ನು ಮಡಕೆಯಲ್ಲಿ ನೆನೆಹಾಕಿದ್ದಳು. ಕುರಿಯ ಮೈಯ ಜಿಡ್ಡನ್ನೇ ಬಿಡಿಸುವ ನೊರೆ ಅದು. ಪೆನ್ನಿನ ಎಣ್ಣೆ ಯಾವ ಲೆಕ್ಕ? ಮುದ್ದಕ್ಕ ಇಂಕನ್ನು ಬಾಟಲಿಗೆ ಬಸಿದಳು. ನಿಬ್ಬನ್ನೂ ನಾಲಿಗೆಯನ್ನೂ ಹುಷಾರಾಗಿ ಎಳೆದು ಬಿಡಿಸಿ, ನೊರೆಯಲ್ಲಿ ಅದ್ದಿ ಅದ್ದಿ ತೊಳೆದಳು. ಒಲೆಯ ಮೇಲಿದ್ದ ಬೆಚ್ಚನೆ ನೀರಿನಲ್ಲಿ ಜಾಲಾಡಿಸಿದಳು. ಲಂಗದ ಅಂಚಿನಲ್ಲಿ ಒರೆಸಿ, ಜೋಡಿಸಿ, ಫಿಲ್ಲರಿನಿಂದ ಇಂಕು ತುಂಬಿದಳು.

ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ 'ಅ' ಬರೆದಳು.

ಮೂಡಿತು! ಮತ್ತೊಂದು ಬರೆದಳು. ನಿಬ್ಬು ಎಲ್ಲೂ ತಡೆಯಲಿಲ್ಲ, ಕೆರೆಯಲಿಲ್ಲ. ಇಷ್ಟು ಸಲೀಸಾಗಿ ನಾಗಿಯ ಪೆನ್ನೂ ಬರೆಯುತ್ತಿತ್ತೋ ಇಲ್ಲವೋ.

"ಅಪ್ಪಾ! ಬರೀತೈತೆ! ತೊಳೆದೆ, ಸರಿಹೋತು!"

ಅಪ್ಪ ಓಡಿಬಂದ. ಅಜ್ಜಿಯೂ ಗೋಡೆ ಹಿಡಿದುಕೊಂಡು ಬಂದಳು. ಮುದ್ದಕ್ಕ ಪೆನ್ನನ್ನು ಅಪ್ಪನ ಕೈಗೆ ಕೊಟ್ಟಳು.

"ನೀನೇ ಬರೆದು ನೋಡಪ್ಪ."

ಅಪ್ಪ ಪಂಚೆಗೆ ಕೈ ಒರೆಸಿಕೊಂಡು ಕೂತ. ತುಟಿ ಬಿಗಿಹಿಡಿದು ಒಂದು ಗೀಟು ಎಳೆದ. ಇನ್ನೊಂದು ಎಳೆದ. ಆಮೇಲೆ ಅರ್ಧಚಂದ್ರ. ಆ ತುದಿಯಿಂದ ಈ ತುದಿಗೆ ಒಂದೇ ಸಮ ಹೋಯಿತು.

"ನೋಡಿದ್ಯಾ, ಎಣ್ಣೆ ಕುಡಿದು ಹೆಂಗೆ ಮೆತ್ತಗಾಗೈತೆ!" ಅಂದಳು ಅಜ್ಜಿ. "ಇನ್ಮೇಲೆ ವಾರಕ್ಕೊಂದ್ಸಲ ಹಚ್ತೀನಿ."

ಅಪ್ಪನ ಕೈ ನಿಂತಿತು. ಪೆನ್ನನ್ನು ಮೂಗಿನ ಹತ್ತಿರ ತಂದ. ಎಷ್ಟು ತೊಳೆದರೂ ಅದರಲ್ಲಿ ಹರಳೆಣ್ಣೆಯ ವಾಸನೆ ಇನ್ನೂ ಉಳಿದಿತ್ತು. ಅವನು ಅಜ್ಜಿಯ ಮುಖ ನೋಡಿದ. ಆಮೇಲೆ ಮಗಳ ಮುಖ ನೋಡಿದ. ಮುದ್ದಕ್ಕ ಬೇಡ ಎನ್ನುವ ಹಾಗೆ ತಲೆ ಅಲ್ಲಾಡಿಸಿದಳು.

"ಹೂಂ ಅಜ್ಜಿ," ಅಂದಳು, "ಚೆನ್ನಾಗಿ ಬರೀತೈತೆ."

ಅಪ್ಪ ಕ್ಯಾಪು ಹಾಕಿ ಪೆನ್ನನ್ನು ಮಗಳ ಚೀಲಕ್ಕೆ ಸೇರಿಸಿದ. ಚೀಲ ಎತ್ತಿಕೊಂಡು ಹೋಗಿ, ಗೋಡೆಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಗೂಟಕ್ಕೆ ನೇತುಹಾಕಿದ.

"ಅಷ್ಟು ಮೇಲ್ಯಾಕೋ?" ಅಂದಳು ಅಜ್ಜಿ. "ನಂಗೂ ಎಟುಕಲ್ಲ, ಹುಡುಗೀಗೂ ಎಟುಕಲ್ಲ."

"ಅವಳಿಗೆ ನಾನು ತೆಗೆದುಕೊಡ್ತೀನಿ ಬಿಡವ್ವ," ಅಂದ ಅಪ್ಪ, "ದಿನಾ."