ಅಗ್ಗದ ದೆಹಲಿ, ಹತ್ತಿರದ ಕೇದಾರ್

"ಕಣ್ಣು ಕಾಣಲ್ವೇನ್ರೀ? ಅದು ನನ್ನ ಕಾಲು!"

ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿ, ನಿಂತೇ ಓದುತ್ತಿದ್ದ ಪದ್ಮಶ್ರೀ, ಪುಸ್ತಕದಿಂದ ತಲೆಯೆತ್ತಿ ಸಿಡುಕಿದಳು.

ಎದುರಿಗಿದ್ದ ತರುಣ ಕಾಲನ್ನೇನೋ ತೆಗೆದ. ಕಣ್ಣು ಮಾತ್ರ ಅವಳ ಪುಸ್ತಕದ ಮೇಲೇ ಇತ್ತು. "ಯುದ್ಧದ ಬಗ್ಗೆ ಓದ್ಲಿಕತ್ತೀರಿ... ಮತ್ತ ಯುದ್ಧ ಆಗ್ತದೇನ್ರಿ?"

"ಇನ್ನೊಂದ್ ಸಲ ತುಳೀರಿ, ಈಗ್ಲೇ ಆಗತ್ತೆ!"

ಆತ ನಕ್ಕ. ಅವಳಿಗೂ ನಗು ಬಂತು. ತುಟಿ ಕಚ್ಚಿ ತಡೆದುಕೊಂಡಳು.

ಸಂಜೆ ಮನೆಗೆ ಬಂದರೆ... ಅದೇ ಮನುಷ್ಯ ಅಪ್ಪನ ಎದುರು ಕೂತು ಮೂರನೇ ಮಹಡಿಯ ಮನೆ ಬಾಡಿಗೆಗೆ ಕೇಳುತ್ತಿದ್ದ! ಹೆಸರು ಕೇದಾರ್. ಊರು ಕಲಬುರಗಿ. ಇಂದಿರಾನಗರದ ಕಂಪನಿಯೊಂದರಲ್ಲಿ ಕೆಲಸ.

ಅದು ಕಳೆದ ವರ್ಷದ ಮಾತು. ಒಂದೇ ಮೆಟ್ರೋ, ಒಂದೇ ಮೆಟ್ಟಿಲು. ಮಾತು ಸ್ನೇಹವಾಯಿತು, ಸ್ನೇಹ ಇನ್ನೇನೋ ಆಯಿತು. ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟಿರಲಿಲ್ಲ.

ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ. ಮಾಡಬೇಕೆಂಬುದು ಪದ್ಮಶ್ರೀಯ ಜೀವದ ಆಸೆ. ಈಗ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ದೆಹಲಿಯ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ. ಫೀಸು ತೀರಾ ಕಡಿಮೆ; ರಾಯಭಾರ ಕಚೇರಿಗಳೆಲ್ಲ ಇರುವ ಊರು. ಇನ್ನೊಂದು, ಮನೆಯಿಂದ ಕಾರಿನಲ್ಲಿ ಹೋಗಿಬರಬಹುದಾದ ಖಾಸಗಿ ಕಾಲೇಜು. ಫೀಸು ಕೇಳಿದರೆ ಯಾವ ಅಪ್ಪನಿಗಾದರೂ ತಲೆ ತಿರುಗಬೇಕು.

ಅವಳಪ್ಪನಿಗೆ ತಿರುಗಲಿಲ್ಲ! ಅಜ್ಜ ರಾಗಿ ಬೆಳೆದ ಜಾಗದಲ್ಲಿ ಮಹಡಿ ಎಬ್ಬಿಸಿ ಬಾಡಿಗೆ ಎಣಿಸುವ ಮುನಿರಾಜ್‌ಗೆ ಅನುಮಾನ ಬಂದದ್ದು ಕಡಿಮೆ ಫೀಸಿನ ಮೇಲೆಯೇ.

"ಅಷ್ಟು ಕಮ್ಮಿಗೆ ಕೊಡ್ತಾರೆ ಅಂದ್ರೆ ಅದೇನ್ ಓದಮ್ಮಾ? ನೆಂಟ್ರು ಏನಂದ್ಕೋತಾರೆ? ಮುನಿರಾಜ ಮಗಳಿಗೆ ಖರ್ಚು ಮಾಡೋಕೆ ಹಿಂದೆಮುಂದೆ ನೋಡ್ದ ಅಂತಾರೆ!"

"ಅಪ್ಪಾ, ಅದೇನ್ ಟೊಮೇಟೊನಾ? ಕಮ್ಮಿ ಅಂದ್ರೆ ಕೊಳೆತಿರತ್ತೆ ಅನ್ನೋಕೆ!"

"ಆಯ್ತಾಯ್ತು. ಮೇಲ್ಗಡೆ ಕೇದಾರ್‌ನ ಕೇಳ್ತೀನಿ. ಓದಿರೋರು ಅವ್ರು."

ಪದ್ಮಶ್ರೀಗೆ ಉಸಿರು ಬಂತು. ಕೇದಾರ್ ಸರ್ಕಾರಿ ಕಾಲೇಜಿನಲ್ಲೇ ಓದಿ ಮೇಲೆ ಬಂದವನು. ದೆಹಲಿಯ ಕನಸನ್ನು ದಿನವೂ ಕೇಳಿದವನು. ದೇವರ ಮುಂದೆ ಸಂಜೆಯ ದೀಪ ಹಚ್ಚಿ, ಕಣ್ಣು ಮುಚ್ಚಿ ಕೈಮುಗಿದಳು. 'ತಾಯೀ, ಅವನ ಬಾಯಲ್ಲಿ ನೀನೇ ನಿಂತು ಮಾತಾಡಿಸು...'

ಅಪ್ಪ ಇಳಿದು ಬಂದರು.

"ನಾನ್ ಹೇಳಿದ್ದೇ ಸರಿಯಂತೆ! ಫೀಸು ಜಾಸ್ತಿ ಇರೋ ಕಡೇನೇ ಓದು ಚೆನ್ನಾಗಿರೋದಂತೆ. ಮನೆಹತ್ರಾನೇ ಸೇರಿಸಿ ಅಂದ್ರು. ಮುಗೀತು."

ನಾಳೆ ದೆಹಲಿಯ ಸೀಟು ಉಳಿಸಿಕೊಳ್ಳಲು ಕೊನೆಯ ದಿನ. ಮುಗೀತಂತೆ!

ದುಃಖಕ್ಕಿಂತ ಮೊದಲು ಸಿಟ್ಟು ಬಂತು. ದಡದಡನೆ ಮೆಟ್ಟಿಲು ಹತ್ತಿದಳು.

"ಬಾಡಿಗೆ ಏರಿಸ್ಬಾರ್ದು ಅಂತ ಓನರ್‌ಗೆ ಬೆಣ್ಣೆ ಹಚ್ಚಿದ್ರಾ?"

ಬಾಗಿಲಲ್ಲಿ ನಿಂತ ಕೇದಾರ್ ತಲೆ ತಗ್ಗಿಸಿದ. "ಹಂಗಲ್ರಿ..."

"ಮತ್ತೆ ಹೆಂಗೆ? ಸರ್ಕಾರಿ ಕಾಲೇಜಲ್ಲಿ ಓದಿರೋ ನೀವೇ ಹೀಗಂದ್ರೆ! ಯಾಕ್ ಸುಳ್ಳು ಹೇಳಿದ್ರಿ?"

"ನೀವು ದಿಲ್ಲಿಗೆ ಹೋದ್ರ... ಮತ್ತ ಬರ್ತೀರೋ ಇಲ್ಲೋ ಅಂತ ಅಂಜಿಕಿ ಆಯ್ತು. ನೀವು ಇಲ್ಲದ ಈ ಊರಾಗ ನಂಗೇನದ ರೀ?"

ಒಂದು ವರ್ಷದಿಂದ ಕಾದ ಮಾತು! ಬರಬಾರದ ಹೊತ್ತಿಗೇ ಬಂದಿತ್ತು. ಪದ್ಮಶ್ರೀಯ ಎದೆ ಕರಗಿತು... ಕರಗಿದ್ದಕ್ಕೇ ಮತ್ತಷ್ಟು ಉರಿಯಿತು.

"ಅಪ್ಪಂಗೆ ನೆಂಟರ ಚಿಂತೆ. ನಿಮಗೆ ನಿಮ್ಮ ಚಿಂತೆ. ಓದೋಳು ನಾನು! ನನ್ನ ಒಂದ್ ಮಾತು ಕೇಳ್ಬೇಕು ಅಂತ ಇಬ್ರಿಗೂ ಅನ್ನಿಸ್ಲಿಲ್ವಾ?"

ಕಣ್ಣೀರು ಕಾಣಬಾರದೆಂದು ತಿರುಗಿ ನಿಂತಳು. ಅವಳನ್ನು ದಾಟಿ ಅವನೇ ಕೆಳಗಿಳಿದ. 'ಎಲ್ಲಿಗೆ ಹೊರಟ?' ಗಾಬರಿಯಿಂದ ಹಿಂಬಾಲಿಸಿದಳು.

"ಸರ್, ನಾ ನಿಮಗ ಸುಳ್ಳು ಹೇಳೀನಿ. ದಿಲ್ಲಿ ಓದೇ ಚಲೋ ಅದ. ಅಷ್ಟು ಮಂದಿಯೊಳಗ ಆರಿಸಿ ಕೊಟ್ಟ ಸೀಟು ಅದು."

ಮುನಿರಾಜ್ ಹುಬ್ಬು ಗಂಟಿಕ್ಕಿದರು. "ಸುಳ್ಳಾ? ಯಾಕ್ರೀ?"

ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. ಕೇದಾರ್ ಸುಮ್ಮನಿರಲಿಲ್ಲ.

"ಪದ್ಮಶ್ರೀ ನನ್ನ ಕಣ್ಣ ಮುಂದ ಇರ್ಲಿ ಅನ್ನೋ ಆಸೆ ಇತ್ತು, ಸರ್. ತಪ್ಪು ನಂದು."

ಮುನಿರಾಜರ ಮುಖ ಕೆಂಪಾಯಿತು. ಅವನನ್ನು ನೋಡಿದರು. ಬಾಗಿಲಲ್ಲಿ ನಿಂತ ಮಗಳನ್ನು ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ಅದೇ ಅವರಿಗೆ ಎಲ್ಲ ಹೇಳಿತು.

"ತಿಂಗಳು ಮುಗಿಯೋದ್ರೊಳಗೆ ಮನೆ ಖಾಲಿ ಮಾಡ್ರಿ!" ಎಂದು ಗುಡುಗಿದವರು ಮಗಳ ಕಡೆ ತಿರುಗಿದರು. "ನೀನು ಇಲ್ಲಿರೋದೇ ಬೇಡ. ಡೆಲ್ಲಿಗೇ ಹೋಗು! ಈಗ್ಲೇ ಕಟ್ಟು ಆ ಫೀಸು!"

ಪದ್ಮಶ್ರೀಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಓದಿನ ಬೆಲೆ ಕೊನೆಗೂ ಅಪ್ಪನಿಗೆ ಅರ್ಥವಾಗಲಿಲ್ಲ... ದೂರದ ಬೆಲೆ ಮಾತ್ರ ಚೆನ್ನಾಗಿ ಅರ್ಥವಾಗಿತ್ತು!

ತಿಂಗಳ ಕೊನೆಗೆ ಕೇದಾರ್ ಮರ್ಫಿ ಟೌನಿನ ಸಣ್ಣ ರೂಮಿಗೆ ಹೊರಟ. ಚೀಲ ಹಿಡಿದು ಮೆಟ್ಟಿಲಿಳಿಯುವಾಗ ಅವಳು ಎದುರಾದಳು.

"ನನ್ನಿಂದ ನಿಮ್ಮ ಮನೆ ಹೋಯ್ತು."

"ನಿಮ್ಮ ದಿಲ್ಲಿ ಉಳೀತಲ್ಲ, ಸಾಕು."

"ಸಿಟ್ಟು ಇನ್ನೂ ಹೋಗಿಲ್ಲ ನಂಗೆ."

"ಗೊತ್ತದ ರೀ. ಹೋಗೂತನ ಕಾಯ್ತೀನಿ." ಚೀಲ ಕೆಳಗಿಟ್ಟ. "ಈ ಸಲ ಮೊದಲು ನಿಮ್ಮನ್ನೇ ಕೇಳ್ತೀನಿ. ಓದು ಮುಗಿಸಿ ಬಂದ ಮ್ಯಾಲ... ನನ್ನ ಮದುವಿ ಆಗ್ತೀರೇನು?"

ಒಳಗಿನಿಂದ ಅಪ್ಪನ ಕೆಮ್ಮು ಕೇಳಿಸಿತು. ಅವಳು ಕದಲಲಿಲ್ಲ.

"ಓದಿ ಎಲ್ಲಿಗೆ ಬರ್ತೀನೋ ಗೊತ್ತಿಲ್ಲ, ಕೇದಾರ್. ಕೆಲಸ ಡೆಲ್ಲೀಲೇ ಸಿಗಬಹುದು."

"ಹಂಗಿದ್ರ ನಾನೇ ಅಲ್ಲಿಗೆ ಬರ್ತೀನಿ."

"ಬಾ," ಎಂದಳು ಮೆಲ್ಲನೆ. "ಆಗ್ತೀನಿ."