ಬಾಲ್ಕನಿ ಮನೆಯ ಅರ್ಜಿ

ಕಚೇರಿಯ ವಸತಿಗೃಹಗಳಲ್ಲಿ ಬಾಲ್ಕನಿ ಇದ್ದ ಮನೆ ಒಂದೇ. ಅದು ಖಾಲಿಯಾದಾಗಿನಿಂದ ಸರ್ವರ್ ಕೋಣೆಯ ಮೇಲ್ವಿಚಾರಕನ ಹೆಂಡತಿ ಮನಸ್ಸಿನಲ್ಲೇ ಅಲ್ಲಿ ಹೂಕುಂಡ ಜೋಡಿಸುತ್ತಿದ್ದಳು. ಕಂಪ್ಯೂಟರಿನಲ್ಲೇ ಹಾಕಬೇಕಿದ್ದ ಅರ್ಜಿಗೆ ಸಂಜೆ ಐದು ಗಂಟೆಯ ಗಡುವು. ಅಷ್ಟರಲ್ಲೇ ನಿರ್ದೇಶಕರ ಪ್ರಿಂಟರ್ ಕೈಕೊಟ್ಟು, ಮೇಲ್ವಿಚಾರಕನಿಗೆ ಕರೆ ಬಂತು. ಸಿಕ್ಕಿಕೊಂಡ ಕಾಗದ ಬಿಡಿಸಿ ಬರುವ ಹೊತ್ತಿಗೆ ಪರದೆಯ ಮೇಲೆ ‘ಅವಧಿ ಮುಗಿದಿದೆ’ ಎಂದಿತ್ತು. ಇವನಿಗೆ ಮೈಯೆಲ್ಲ ಉರಿದುಹೋಯಿತು.

ಸಮಾಧಾನವೆಂದರೆ ಲೆಕ್ಕಪತ್ರ ವಿಭಾಗದ ಷಡ್ಡಕನಿಗೂ ಗಡುವು ತಪ್ಪಿತ್ತು. ಸೇವೆಯಲ್ಲಿ ಹಿರಿಯರಿಗೇ ಮನೆ ಎಂಬುದು ನಿಯಮ. ಅರ್ಜಿ ಹಾಕಿದವರೆಲ್ಲ ಇವನಿಗಿಂತ ಕಿರಿಯರು, ಷಡ್ಡಕನೊಬ್ಬನೇ ಹಿರಿಯ.

“ಮಾತಾಡ್ತಾ ಕೂತು ಮರ್ತೇಬಿಟ್ಟೆ ಕಣಪ್ಪ,” ಎಂದು ಅವನು ಫೋನಿನಲ್ಲಿ ಗೋಳಾಡಿದ. ಇವನು ಒಳಗೊಳಗೇ ಹಿಗ್ಗಿದ.

ಎಲ್ಲ ವಿಭಾಗಗಳ ಕೆಲಸವೂ ನಡೆಯುತ್ತಿದ್ದುದು ಒಂದೇ ದೊಡ್ಡ ಯಂತ್ರದಲ್ಲಿ. ಅದರೊಳಗೆ ಪ್ರತಿಯೊಂದಕ್ಕೂ ಒಂದೊಂದು ಕಂಟೇನರ್, ಅಂದರೆ ಗೋಡೆ ಹಾಕಿದ ಕೋಣೆ. ಯಾರಿಗೆ ಎಷ್ಟು ಮೆಮೊರಿ, ಪ್ರೊಸೆಸರಿನಲ್ಲಿ ಎಷ್ಟು ಪಾಲು ಎಂದು ಅಳೆದು ಕೊಡುವುದು ಯಂತ್ರದ ಯಜಮಾನ, ಕರ್ನೆಲ್. ಪಾಲಿಗಿಂತ ಹೆಚ್ಚು ನುಂಗಲು ಹೋದ ಪ್ರೋಗ್ರಾಮಿನ ಕತ್ತು ಹಿಸುಕಲೂ ಅದು ಹೇಸುವುದಿಲ್ಲ. ಒಂದು ಕೋಣೆಯಲ್ಲಿ ನಡೆಯುವುದು ಇನ್ನೊಂದರ ಕಣ್ಣಿಗೆ ಬೀಳದು. ಈ ಗೋಡೆಗಳ ಮೇಲೆ ಇವನಿಗಿದ್ದ ನಂಬಿಕೆ ಸ್ವಂತ ತಮ್ಮನ ಮೇಲೂ ಇರಲಿಲ್ಲ.

ಅರ್ಜಿಯ ಪ್ರೋಗ್ರಾಮಿನ ನಕಲೊಂದನ್ನು ಹೊಸ ಕಂಟೇನರಿನಲ್ಲಿ ನಿಲ್ಲಿಸಿದ. ಅರ್ಜಿ ಹೋಗಿ ಸೇರುವುದು ಅಸಲಿ ಅರ್ಜಿಗಳ ಜೊತೆಗೇ. ಬಾಗಿಲು ಮಾತ್ರ ಇವನೊಬ್ಬನಿಗೆ. ಗಡಿಯಾರ ತಿರುಗಿಸುವ ಅಧಿಕಾರವನ್ನೂ ಆ ಕೋಣೆಗೆ ಕೊಟ್ಟ. ಸಾಮಾನ್ಯವಾಗಿ ಯಾವ ಕಂಟೇನರಿಗೂ ಅದನ್ನು ಕೊಡುವುದಿಲ್ಲ; ಯಾಕೆಂದು ಇವನು ತಲೆ ಕೆಡಿಸಿಕೊಂಡವನಲ್ಲ. ಹೊರಗೆ ಕತ್ತಲಾಗುತ್ತಿದ್ದರೂ ನಕಲಿ ಕೋಣೆಯಲ್ಲಿ ಇನ್ನೂ ಐದಾಗಿರಲಿಲ್ಲ. ಅರ್ಜಿ ಹಾಕಿ, ಆರಾಮಾಗಿ ಚಹಾ ಕುಡಿದು, ಗಡಿಯಾರವನ್ನು ಮತ್ತೆ ಸರಿಮಾಡಿ, ಕಂಟೇನರನ್ನೇ ಅಳಿಸಿಹಾಕಿದ. ಸಾಕ್ಷಿಯೇ ಇಲ್ಲ.

“ಕುಂಡ ತಂದ್ಬಿಡು,” ಎಂದು ಹೆಂಡತಿಗೆ ಹೇಳಿದ.

ಮರುದಿನ ಷಡ್ಡಕ ಸಿಹಿ ಹಿಡಿದು ಬಂದ. “ನಿನ್ನೆ ಸಂಜೆ ಸುಮ್ನೆ ಇನ್ನೊಂದ್ಸಲ ಒತ್ತಿ ನೋಡ್ದೆ, ಅರ್ಜಿ ತಗೊಂಡೇಬಿಡ್ತು. ಇನ್ನೂ ಐದಾಗಿಲ್ಲ ಅಂತ ತೋರಿಸ್ತಿತ್ತು ಕಣಪ್ಪ. ಮನೆ ನಮ್ಗೇ ಅಂತೆ.” ಇವನಿಗೆ ಬಾಯಲ್ಲಿದ್ದ ಸಿಹಿಯನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ತಡವಾದ ಅರ್ಜಿಯೆಂದು ದೂರು ಕೊಡೋಣವೆಂದರೆ ತನ್ನದೂ ಅದೇ ಗಳಿಗೆಯದು. ಕರ್ನೆಲ್ ಕೋಣೆಕೋಣೆಗೂ ಮೆಮೊರಿ ಬೇರೆ, ನೆಟ್‌ವರ್ಕ್ ಬೇರೆ, ಹೆಸರು ಕೂಡ ಬೇರೆ ಮಾಡಿಕೊಟ್ಟಿತ್ತು. ಹೊತ್ತು ತೋರಿಸುವ ಗಡಿಯಾರವನ್ನು ಮಾತ್ರ ಪಾಲು ಮಾಡಿರಲಿಲ್ಲ. ಅಸಲಿಗೂ ನಕಲಿಗೂ ಸೇರಿ ಇಡೀ ಯಂತ್ರಕ್ಕೆ ಇದ್ದದ್ದು ಅದೊಂದೇ.